ನೋಡಿದರೆ ಗೊತ್ತಾಗದ ಬಿಸಿ

ಇವತ್ತು ಸಂಜೆ ಪಕ್ಕದ ಮನೆ ಹುಡುಗ ವೈರ್ ಕಿತ್ತುಹೋದ ರಿಮೋಟ್ ಕಾರು ಹಿಡಿದುಕೊಂಡು ಬಂದಿದ್ದ. ಲೋಹ ಕರಗಿಸಿ ವೈರ್ ಜೋಡಿಸುವ ಸೋಲ್ಡರಿಂಗ್ ಐರನ್ನನ್ನೇ ದಿಟ್ಟಿಸುತ್ತಾ ಕೇಳಿದ, "ಅಂಕಲ್, ಇದು ಬಿಸಿ ಇದೆಯೋ ಇಲ್ವೋ ಹೇಗೆ ಗೊತ್ತಾಗುತ್ತೆ?"

ನೋಡಿದರೆ ಗೊತ್ತಾಗಲ್ಲ. ತುದಿ 350 ಡಿಗ್ರಿಗೆ ಕಾದಿದ್ದರೂ ಕೆಂಪಗಾಗುವುದಿಲ್ಲ, ಅದಕ್ಕೆ 500 ದಾಟಬೇಕು. ಮಾಮೂಲಿ 25 ವ್ಯಾಟ್ ಐರನ್‌ನಲ್ಲಿ ಒಂದು ದೀಪವೂ ಇರಲ್ಲ, ಪ್ಲಗ್ ತೆಗೆಯುವವರೆಗೂ ಸುಮ್ನೆ ಕಾಯುತ್ತಲೇ ಇರುತ್ತೆ.

ನನಗೆ ಜಾಸ್ತಿ ಭಯ ಇರೋದು ಕರೆಂಟ್ ಹೋದಾಗ. ಕೆಲಸ ಅರ್ಧಕ್ಕೆ ನಿಲ್ಲುತ್ತೆ, ಎದ್ದು ಹೋಗ್ತೀವಿ, ಊಟ ಮಾಡಿ ಮಲಗಿಯೂ ಬಿಡ್ತೀವಿ, ಆಮೇಲೆ ಯಾವಾಗಲೋ ಕರೆಂಟ್ ಬರುತ್ತೆ, ಕತ್ತಲೆ ಕೋಣೆಯಲ್ಲಿ ಐರನ್ ತಾನಾಗಿಯೇ ಕಾಯೋಕೆ ಶುರು ಮಾಡುತ್ತೆ. ಪಕ್ಕದಲ್ಲಿ ಬಟ್ಟೆಯೋ ಕಾಗದವೋ ಇದ್ದರೆ?

ಅದಕ್ಕೇ ನನ್ನ ಮೇಜಿನ ಸಾಕೆಟ್‌ಗೆ ಸ್ಪ್ರಿಂಗ್ ಟೈಮರ್ ಹಾಕಿದ್ದೇನೆ. ತಿರುಗಿಸಿದರೆ ಅರ್ಧ ಗಂಟೆ, ಆಮೇಲೆ ಆಫ್. ಸ್ಪ್ರಿಂಗ್‌ಗೆ ಕರೆಂಟ್ ಬೇಕಿಲ್ಲ ಅಲ್ವಾ, ಕರೆಂಟ್ ಹೋದರೂ ಅದು ಟಿಕ್ ಟಿಕ್ ಅಂತ ಓಡಿ ಲೈನ್ ಕಟ್ ಮಾಡಿರುತ್ತೆ. ಪೈನೆಸಿಲ್ ಥರದ ಹೊಸ ಐರನ್‌ಗಳಲ್ಲಿ ಅಲುಗಾಟ ಗುರುತಿಸುವ ಸೆನ್ಸರ್ ಇದೆ. ಸ್ವಲ್ಪ ಹೊತ್ತು ಕೈಗೆತ್ತಿಕೊಳ್ಳದಿದ್ದರೆ ಬಿಸಿ ಇಳಿಸುತ್ತೆ, ಇನ್ನೂ ಮುಟ್ಟದಿದ್ದರೆ ಪೂರ್ತಿ ಆಫ್. ತುಂಬಾ ಒಳ್ಳೆಯ ಯೋಚನೆ.

ಆಫ್ ಆದ ಮೇಲೂ ತುದಿ ಕೆಲವು ನಿಮಿಷ ಸುಡುತ್ತೆ, ಹಾಗಾಗಿ ಸ್ಟ್ಯಾಂಡ್ ಮಾತ್ರ ಬಿಡಬೇಡಿ. ನಿಮ್ಮಲ್ಲಿ ಯಾರಾದರೂ ಮನೆಯಲ್ಲಿ ಸೋಲ್ಡರ್ ಮಾಡ್ತಿದ್ದರೆ ಹೇಳಿ, ಟೈಮರ್ ಕನೆಕ್ಷನ್ ಫೋಟೋ ಕಳಿಸ್ತೀನಿ.