ಹದಿನೈದು ದಿನದ ಹಸಿರು ವ್ರತ

ಪರಿಸರಕ್ಕೆ ಆದಷ್ಟು ಕಡಿಮೆ ಹೊರೆಯಾಗುವಂತೆ ಹದಿನೈದು ದಿನ ಬದುಕಿ ನೋಡಬೇಕೆಂದು ನಿಶ್ಚಯಿಸಿದ ಮೇಲೆ ನಾನು ಮಾಡಿದ ಮೊದಲ ಕೆಲಸವೆಂದರೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಖರೀದಿ. ನಾಲ್ಕು ಹತ್ತಿಯ ಚೀಲ, ಒಂದು ಸ್ಟೀಲ್ ಬಾಟಲಿ, ಬಿದಿರಿನ ಹಲ್ಲುಜ್ಜುವ ಬ್ರಶ್ಶುಗಳು ಮನೆಗೆ ಬಂದವು. ಅವುಗಳಿಗೆ ಸುತ್ತಿದ್ದ ಪ್ಲಾಸ್ಟಿಕ್ಕೂ ಜೊತೆಗೇ ಬಂತು. ಡೆನ್ಮಾರ್ಕ್‌ನ ಪರಿಸರ ಸಂರಕ್ಷಣಾ ಇಲಾಖೆ 2018ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಿದ್ದು ಆಮೇಲೆ. ಹತ್ತಿಯ ಚೀಲವೊಂದು ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ಮೇಲೆನಿಸಬೇಕಾದರೆ, ಹವಾಮಾನದ ಲೆಕ್ಕವೊಂದನ್ನೇ ಹಿಡಿದರೂ ಅದನ್ನು 50 ಬಾರಿಗೂ ಹೆಚ್ಚು ಬಳಸಬೇಕು. ಉಳಿದ ಪರಿಣಾಮಗಳನ್ನೂ ಸೇರಿಸಿದರೆ ಸುಮಾರು 7,000 ಬಾರಿ ಬಳಸಬೇಕೆಂದು ಅದರಲ್ಲಿದೆ. ಬಿಸಾಡಿದ ಪ್ಲಾಸ್ಟಿಕ್ ಕಡಲಿಗೆ ಸೇರಿ ಮಾಡುವ ಹಾನಿ ಆ ಲೆಕ್ಕದಲ್ಲಿಲ್ಲ, ನಿಜ. ಆದರೆ ನನ್ನ ಕಪಾಟಿನಲ್ಲಿ ಆಗಲೇ ಏಳೆಂಟು ಹಳೆಯ ಚೀಲಗಳು ಮಡಚಿಟ್ಟಂತೆಯೇ ಇದ್ದವು.

ಎರಡನೆಯ ದಿನದಿಂದ ಪ್ರತಿ ಬೆಳಿಗ್ಗೆ ವಿದ್ಯುತ್ ಮೀಟರಿನ ಅಂಕಿಯನ್ನು ಬರೆದಿಡತೊಡಗಿದೆ. ಕಂಡ ಕಂಡ ದೀಪವನ್ನೆಲ್ಲ ಆರಿಸಿ, ಕತ್ತಲಲ್ಲಿ ಕುರ್ಚಿಗೆ ಕಾಲು ತಗುಲಿಸಿಕೊಂಡು, ಮರುದಿನ ಆಸೆಯಿಂದ ನೋಡಿದರೆ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಕಾಗದ ಹಿಡಿದು ಕೂತಾಗ ಗುಟ್ಟು ತಿಳಿಯಿತು. ಇಪ್ಪತ್ತು ಲೀಟರ್ ನೀರನ್ನು ಇಪ್ಪತ್ತು ಡಿಗ್ರಿಯಷ್ಟು ಬಿಸಿ ಮಾಡಲು ಹತ್ತಿರ ಹತ್ತಿರ ಅರ್ಧ ಯೂನಿಟ್ ವಿದ್ಯುತ್ ಬೇಕು. ಅಷ್ಟೇ ವಿದ್ಯುತ್ತಿನಲ್ಲಿ 9 ವ್ಯಾಟಿನ ಎಲ್‌ಇಡಿ ದೀಪವೊಂದು 50 ಗಂಟೆ ಉರಿಯುತ್ತದೆ. ನಿಮಿಷಕ್ಕೆ ಹತ್ತು ಲೀಟರ್ ಸುರಿಸುವ ಶವರಿನ ಕೆಳಗೆ ಹತ್ತು ನಿಮಿಷ ನಿಂತರೆ ಎರಡು ಯೂನಿಟ್ಟಿಗೂ ಮೀರಿ ಖರ್ಚಾಗುತ್ತದೆ. ನಾನು ನಿಲ್ಲುತ್ತಿದ್ದುದು ಹತ್ತು ನಿಮಿಷಕ್ಕಿಂತ ಕಡಿಮೆಯೇನಲ್ಲ. ಅಂದಿನಿಂದ ಒಂದೇ ಬಕೆಟ್ ನೀರಿನ ಸ್ನಾನ, ಬಟ್ಟೆಗೆ ತಣ್ಣೀರು. ಆಗ ಮೀಟರಿನ ಓಟ ತಗ್ಗಿದ್ದು ಕಣ್ಣಿಗೆ ಕಾಣುವಂತಿತ್ತು. ದೀಪ ಆರಿಸುವ ಉತ್ಸಾಹವನ್ನು ಮಾತ್ರ ನಾನು ಸ್ವಲ್ಪ ಸಡಿಲಿಸಿದೆ.

ಓಡಾಟದ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ಮುಕ್ಕಾಲು ಕಿಲೋ ತೂಗುವ ಒಂದು ಲೀಟರ್ ಪೆಟ್ರೋಲ್ ಉರಿದಾಗ, ಅದರ ಇಂಗಾಲವು ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಸುಮಾರು 2.3 ಕಿಲೋ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಹತ್ತಿರದ ಕೆಲಸಗಳಿಗೆ ನಡೆದುಹೋದೆ. ಮಳೆ ಬಂದ ಎರಡು ದಿನ ಹೋಗಲಿಲ್ಲ.

ಹೆಚ್ಚು ಕಾಡಿದ್ದು ಹಸಿ ಕಸ. ತಿಪ್ಪೆಯ ಅಡಿಯಲ್ಲಿ ಗಾಳಿಯಿಲ್ಲದೆ ಕೊಳೆಯುವ ಆಹಾರದಿಂದ ಮೀಥೇನ್ ಹುಟ್ಟುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಅದು ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಭೂಮಿಯನ್ನು ಕಾಯಿಸಬಲ್ಲದು. ಇದನ್ನು ತಪ್ಪಿಸಲೆಂದೇ ಮುಚ್ಚಳವಿದ್ದ ಹಳೆಯ ಡಬ್ಬವೊಂದಕ್ಕೆ ತರಕಾರಿ ಸಿಪ್ಪೆಗಳನ್ನು ತುಂಬುತ್ತ ಹೋದೆ. ಐದನೆಯ ದಿನ ಮುಚ್ಚಳ ತೆಗೆದಾಗ ಬಂದ ನಾತಕ್ಕೆ ಮನೆಮಂದಿಯೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ತಿಪ್ಪೆಯಲ್ಲಿ ನಡೆಯುವುದನ್ನೇ ನಾನು ಡಬ್ಬದಲ್ಲಿ, ಅದೂ ಅಡುಗೆಮನೆಯ ಪಕ್ಕದಲ್ಲೇ, ನಡೆಸಿದ್ದೆ: ಒದ್ದೆ ಹೆಚ್ಚಾಗಿತ್ತು, ಗಾಳಿ ಇರಲಿಲ್ಲ. ಡಬ್ಬಕ್ಕೆ ಸುತ್ತಲೂ ತೂತು ಕೊರೆದು, ಒಣಗಿದ ಎಲೆಗಳನ್ನೂ ಹರಿದ ರಟ್ಟಿನ ಚೂರುಗಳನ್ನೂ ಧಾರಾಳವಾಗಿ ಬೆರೆಸಿ, ಕೋಲಿನಿಂದ ತಳಮೇಲು ಮಾಡಿದೆ. ನಾಲ್ಕು ದಿನಗಳಲ್ಲಿ ದುರ್ವಾಸನೆ ಹೋಗಿ, ಮಳೆ ಬಿದ್ದ ಮಣ್ಣಿನಂಥ ವಾಸನೆ ಬರತೊಡಗಿತು. ನಡುವೆ ಕೈಯಿಟ್ಟರೆ ಬೆಚ್ಚಗಿತ್ತು. ಸೂಕ್ಷ್ಮಜೀವಿಗಳು ಕೆಲಸ ಮಾಡುವಾಗ ಹೊಮ್ಮುವ ಶಾಖವದು. ನನಗಾದ ಹಿಗ್ಗಿನಲ್ಲಿ ಮನೆಯವರು ಪಾಲುಗೊಳ್ಳಲಿಲ್ಲ.

ಹದಿನಾರನೆಯ ದಿನ ವ್ರತ ಮುಗಿದದ್ದಕ್ಕೆ ಹತ್ತು ನಿಮಿಷ ಶವರಿನ ಕೆಳಗೆ ನಿಂತೆ. ಅದಾದ ಮೇಲೆ ಬಕೆಟ್ಟಿಗೇ ಮರಳಿದ್ದೇನೆ. ಡಬ್ಬದೊಳಗಿನ ಸಿಪ್ಪೆಗಳಿಗಂತೂ ನನ್ನ ಗಡುವಿನ ಅರಿವೇ ಇರಲಿಲ್ಲ. ಅವು ಗೊಬ್ಬರವಾಗಲು ಇನ್ನೂ ಎರಡು ಮೂರು ತಿಂಗಳಾದರೂ ಬೇಕು, ನಡುವೆ ಕೈಬಿಟ್ಟರೆ ಮತ್ತೆ ನಾರುವುದು ಖಂಡಿತ. ಹೀಗಾಗಿ ಮೂರು ದಿನಕ್ಕೊಮ್ಮೆ ಕೋಲು ಹಿಡಿದು ಅದರ ಮುಂದೆ ಕೂರುತ್ತಿದ್ದೇನೆ, ಮತ್ತು ಕೂತಾಗಲೆಲ್ಲ ಅಂದಿನ ಸಿಪ್ಪೆಯನ್ನೂ ಸುರಿಯುತ್ತಿದ್ದೇನೆ.