ತಪ್ಪಿ ಹೋದ ಪೆಟ್ಟಿಗೆ, ಅಣ್ಣನ ಕಿವಿಯ ಮೆಷಿನ್

ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕುಳಿತವರಿಗೆಲ್ಲ ಗೊತ್ತಿರುವ ಒಂದು ಪದ್ಧತಿ ಇದೆ. ಸಂಜೆ ಲೆಕ್ಕ ತಾಳೆ ನೋಡುವಾಗ ನಗದು ಕಡಿಮೆ ಬಂದರೆ ಕ್ಯಾಷಿಯರ್ ಕೈಯಿಂದ ತುಂಬಬೇಕು. ಹೆಚ್ಚು ಬಂದರೆ ಅದು ಕ್ಯಾಷಿಯರನದೂ ಅಲ್ಲ, ಬ್ಯಾಂಕಿನದೂ ಅಲ್ಲ. ಅದನ್ನು ಯಾರದೆಂದು ತಿಳಿಯದ ಹಣ ಇಡುವ ಸಂಡ್ರಿ ಡೆಪಾಸಿಟ್ ಖಾತೆಗೆ ಜಮಾ ಮಾಡಿ, ಆ ದಿನದ ಚಲನ್‌ಗಳನ್ನೆಲ್ಲ ಮತ್ತೆ ತಿರುವಿ ಹಾಕಿ, ಹಣ ಯಾರದೆಂದು ಹುಡುಕಬೇಕು. ನಾನು ಉಡುಪಿಯ ಸುತ್ತಮುತ್ತಲಿನ ಶಾಖೆಗಳಲ್ಲೇ ಕೆಲಸ ಮಾಡಿ ನಿವೃತ್ತಳಾದವಳು. ಮಲ್ಪೆಯಿಂದ ಹಣ ಕಟ್ಟಲು ಬರುತ್ತಿದ್ದ ಮೀನು ವ್ಯಾಪಾರದ ಹೆಂಗಸೊಬ್ಬರು ಒಮ್ಮೆ ಐನೂರರ ಒಂದು ನೋಟು ಹೆಚ್ಚು ಕೊಟ್ಟು ಹೋಗಿದ್ದರು. ಅವರಿಗೆ ಅದು ಗೊತ್ತೇ ಇರಲಿಲ್ಲ. ನಮ್ಮ ಮ್ಯಾನೇಜರ್ ಆ ರಾತ್ರಿಯೇ ಅವರ ಮನೆಗೆ ಫೋನ್ ಮಾಡಿಸಿದ್ದರು. ಅದರಲ್ಲಿ ದೊಡ್ಡತನವೇನೂ ಇದೆಯೆಂದು ನಮಗೆ ಯಾರಿಗೂ ಅನ್ನಿಸಿರಲಿಲ್ಲ. ಕೆಲಸ ಎಂದರೆ ಅದೇ ಆಗಿತ್ತು.

ಅತ್ತಿಗೆಯ ಮೊಬೈಲಿಗೆ ಬಂದ ಸಂದೇಶ ಓದಿ ನನಗೆ ಬಂದ ಸಿಟ್ಟು ಬೇಗ ಇಳಿಯದೆ ಇದ್ದುದಕ್ಕೆ ಈ ಅಭ್ಯಾಸವೇ ಕಾರಣ ಇರಬೇಕು. ದೊಡ್ಡ ಆನ್‌ಲೈನ್ ಅಂಗಡಿಯೊಂದರ ಸಂದೇಶ ಅದು. ಹೆಸರು ಇಲ್ಲಿ ಬೇಡ. ಅದರ ಸಾರ ಇಷ್ಟು: ನೀವು ಹಿಂದಿರುಗಿಸಿದ ವಸ್ತು ನಾವು ಮಾರಿದ ವಸ್ತುವಲ್ಲ, ಆದ್ದರಿಂದ ರಿಫಂಡ್ ಇಲ್ಲ, ನಿಮ್ಮ ದೂರನ್ನು ಮುಚ್ಚಲಾಗಿದೆ.

ನಡೆದದ್ದು ಹೀಗೆ. ಅಣ್ಣ, ಅತ್ತಿಗೆ ಇರುವುದು ಉಡುಪಿಯ ಕಿನ್ನಿಮೂಲ್ಕಿಯಲ್ಲಿ. ಶಾರ್ಜಾದಲ್ಲಿರುವ ಮಗ ಹೇಳಿದನೆಂದು ಅತ್ತಿಗೆ ಬಿಪಿ ನೋಡುವ ಮೆಷಿನ್ ಒಂದನ್ನು ತರಿಸಿದ್ದರು. ಅದು ತೋಳಿಗೆ ಕಟ್ಟಿದ ಪಟ್ಟಿಗೆ ಗಾಳಿ ತುಂಬುತ್ತಲೇ ಹೋಗುತ್ತಿತ್ತು, ಅಂಕಿ ಮಾತ್ರ ತೋರಿಸುತ್ತಿರಲಿಲ್ಲ. ರಿಟರ್ನ್ ಕೇಳಿದರು, ಒಪ್ಪಿಗೆಯೂ ಬಂತು. ಅದೇ ವಾರ ಅಣ್ಣನ ಕಿವಿಯ ಮೆಷಿನ್ ರಿಪೇರಿಯಾಗಿ ಮಂಗಳೂರಿನಿಂದ ಕೊರಿಯರಿನಲ್ಲಿ ಬಂದಿತ್ತು. ನಮ್ಮ ಮಳೆಗಾಲದ ತೇವಕ್ಕೆ ಈ ಮೆಷಿನ್‌ಗಳು ಬೇಗ ಕೆಡುತ್ತವೆ. ಎಷ್ಟೇ ಒಣಗಿಸುವ ಡಬ್ಬಿಯಲ್ಲಿಟ್ಟರೂ ಒಳಗಿನ ಸ್ಪೀಕರಿಗೆ ನೀರಿನಂಶ ಸೇರಿಕೊಳ್ಳುತ್ತದೆ. ಎರಡೂ ಕಂದು ರಟ್ಟಿನ ಪೆಟ್ಟಿಗೆಗಳು, ಹೆಚ್ಚುಕಡಿಮೆ ಒಂದೇ ಅಳತೆ, ಎರಡೂ ಚಾವಡಿಯ ಟೀಪಾಯಿಯ ಮೇಲೆ ಇದ್ದವು.

ಆಟಿಯ ಮಳೆ ಜೋರಾಗಿ ಸುರಿಯುತ್ತಿದ್ದ ಮಧ್ಯಾಹ್ನ ಪಾರ್ಸೆಲ್ ಒಯ್ಯುವ ಹುಡುಗ ಬಂದ. ರೈನ್‌ಕೋಟಿನಿಂದ ನೀರು ಇಳಿಯುತ್ತಿತ್ತು. ಓಟಿಪಿ ಕೇಳಿದ. ಅತ್ತಿಗೆ ಮೊಬೈಲ್ ತರಲು ಒಳಗೆ ಹೋದರು. ಬರುವಷ್ಟರಲ್ಲಿ ಅವನು ಒಂದು ಪೆಟ್ಟಿಗೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಲೇಬಲ್ ಅಂಟಿಸಿ ಮುಗಿಸಿದ್ದ. ಪೆಟ್ಟಿಗೆ ತೆರೆದು, ಒಳಗಿನ ವಸ್ತುವನ್ನು ಮೊಬೈಲಿನ ಚಿತ್ರದ ಜೊತೆ ಹೋಲಿಸಿ, ಮಾಡೆಲ್ ಸಂಖ್ಯೆ ನೋಡಿಯೇ ಒಯ್ಯಬೇಕು ಎಂಬುದು ಆ ಕಂಪನಿಯದೇ ನಿಯಮ. ಅವನಿಗೆ ಅಷ್ಟು ಪುರುಸೊತ್ತು ಇರಲಿಲ್ಲ. ಇನ್ನೂ ಎಷ್ಟು ಮನೆ ಬಾಕಿ ಇತ್ತೋ. ಸಂಜೆ ಅಣ್ಣ ಮೆಷಿನ್ ಹಾಕಿಕೊಳ್ಳೋಣವೆಂದು ಪೆಟ್ಟಿಗೆ ತೆರೆದರೆ ಸಿಕ್ಕಿದ್ದು ಬಿಪಿ ಮೆಷಿನ್.

ಕಿವಿಯ ಮೆಷಿನ್ ಎಂದರೆ ಏನೆಂದು ಹತ್ತಿರದಿಂದ ನೋಡದವರಿಗೆ ಸ್ವಲ್ಪ ಹೇಳಬೇಕು. ಕಿವಿಯ ಹಿಂದೆ ಕೂರುವ, ಗೋಡಂಬಿಗಿಂತ ಸ್ವಲ್ಪ ದೊಡ್ಡದಾದ ಒಂದು ಯಂತ್ರ. ಅದರಿಂದ ಹೊರಟ ತೆಳ್ಳಗಿನ ಪಾರದರ್ಶಕ ಕೊಳವೆ ಕಿವಿಯೊಳಗಿನ ಅಚ್ಚಿಗೆ ಸೇರುತ್ತದೆ. ಆ ಅಚ್ಚು ಅಂಗಡಿಯಲ್ಲಿ ಸಿದ್ಧವಾಗಿ ಸಿಗುವುದಿಲ್ಲ. ಕಿವಿಗೆ ಮೆತ್ತಗಿನ ಪದಾರ್ಥ ತುಂಬಿ, ಅದು ಗಟ್ಟಿಯಾದ ಮೇಲೆ ಹೊರತೆಗೆದು, ಅದರ ಆಕಾರಕ್ಕೇ ಮಾಡುತ್ತಾರೆ. ಅಣ್ಣನ ಅಚ್ಚು ಅಣ್ಣನ ಬಲಗಿವಿಗೆ ಮಾತ್ರ ಹೊಂದುತ್ತದೆ, ಅವನ ಎಡಗಿವಿಗೂ ಹೊಂದುವುದಿಲ್ಲ. ಯಂತ್ರವನ್ನು ಕೂಡ ಅವನ ಶ್ರವಣ ಪರೀಕ್ಷೆಯ ನಕ್ಷೆ ನೋಡಿ, ಯಾವ ಸ್ವರ ಎಷ್ಟು ಏರಿಸಬೇಕೆಂದು ಕಂಪ್ಯೂಟರಿನಲ್ಲಿ ಹೊಂದಿಸಿರುತ್ತಾರೆ. ಬೆಲೆ 42,000 ರೂಪಾಯಿ. ಅಣ್ಣನ ಹೊರತು ಬೇರೆಯವರ ಕೈಯಲ್ಲಿ ಅದಕ್ಕೆ ಹೆಚ್ಚಿನ ಉಪಯೋಗವಿಲ್ಲ.

ಅದಿಲ್ಲದೆ ಅಣ್ಣ ಮಾತೇ ಕಡಿಮೆ ಮಾಡಿದ. ಹುಟ್ಟಿದಾರಭ್ಯ ಯಕ್ಷಗಾನದ ಹುಚ್ಚು ಅವನಿಗೆ. ಮಳೆಗಾಲದಲ್ಲಿ ಮೇಳಗಳ ತಿರುಗಾಟ ಇಲ್ಲದಿದ್ದರೂ ಅಲ್ಲಲ್ಲಿ ತಾಳಮದ್ದಳೆ ಇರುತ್ತದೆ. ಒಂದಕ್ಕೆ ಹೋಗಿ ಅರ್ಧಕ್ಕೇ ಎದ್ದು ಬಂದ. 'ಚೆಂಡೆಯ ಪೆಟ್ಟು ಎದೆಗೆ ತಾಗುತ್ತದೆ. ಅರ್ಥಧಾರಿಗಳು ಏನು ಹೇಳಿದರೆಂದು ಮಾತ್ರ ಒಂದೂ ತಿಳಿಯಲಿಲ್ಲ' ಎಂದ. ವಯಸ್ಸಾದವರಿಗೆ ಮೊದಲು ಹೋಗುವುದು ಮೇಲಿನ ಸ್ವರಗಳು. ಸ, ಶ, ತ, ಕ ಮುಂತಾದ ವ್ಯಂಜನಗಳು ಅಳಿಸಿಹೋಗಿ ಮಾತೆಲ್ಲ ಬರೀ ಗುಂಯ್‌ಗುಡುವ ಸದ್ದಾಗುತ್ತದೆ.

ಈಗ ಆ ಸಂದೇಶಕ್ಕೆ ಬರುತ್ತೇನೆ. ಬಿಪಿ ಮೆಷಿನಿನ ಹಣವೂ ಇಲ್ಲ, ಕಿವಿಯ ಮೆಷಿನ್ ಕೂಡ ಇಲ್ಲ. ಅತ್ತಿಗೆ ಗ್ರಾಹಕ ಸೇವೆಗೆ ಫೋನ್ ಮಾಡಿದಾಗಲೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಉತ್ತರ. ಒಬ್ಬರು ಹುಡುಕಿಸುತ್ತೇವೆ ಎಂದರೆ, ಇನ್ನೊಬ್ಬರು ನಿಮ್ಮ ಹಳೆಯ ಟಿಕೆಟ್, ಅಂದರೆ ದೂರಿನ ನೋಂದಣಿ, ಮುಚ್ಚಿದೆ, ಹೊಸದು ತೆರೆಯಿರಿ ಎನ್ನುತ್ತಾರೆ. ಕೊನೆಗೆ ಒಬ್ಬರು, ತಪ್ಪಾಗಿ ಬಂದ ವಸ್ತುವಿಗೆ ಕಂಪನಿ ಹೊಣೆಯಲ್ಲ ಎಂದು ಷರತ್ತಿನಲ್ಲೇ ಬರೆದಿದೆ ಎಂದುಬಿಟ್ಟರು. ಮಳೆಯಲ್ಲಿ ಬಂದ ಹುಡುಗ ಇಲ್ಲಿ ನಿಂತು ತಾನೇ ಎತ್ತಿಕೊಂಡು ಹೋದದ್ದನ್ನು ಅತ್ತಿಗೆ ಕಳುಹಿಸಿದರು ಎಂದು ಬರೆದುಕೊಂಡಿದ್ದಾರೆ!

ಅವರ ಕಡೆಯ ಕಷ್ಟವೂ ನನಗೆ ಗೊತ್ತಿಲ್ಲದ್ದಲ್ಲ. ಮೊಬೈಲ್ ತರಿಸಿ, ಪೆಟ್ಟಿಗೆಯಲ್ಲಿ ಸೋಪು ತುಂಬಿ ಹಿಂದಕ್ಕೆ ಕಳುಹಿಸುವವರು ಇದ್ದಾರೆ. ಅದಕ್ಕಾಗಿಯೇ ಗೋದಾಮಿನಲ್ಲಿ ಪೆಟ್ಟಿಗೆ ತೂಗಿ, ತೆರೆದು, ಫೋಟೋ ತೆಗೆದು ನೋಡುತ್ತಾರೆ. ನೋಡಲಿ. ಆದರೆ ಮೋಸಗಾರ ಸೋಪು ಕಳುಹಿಸುತ್ತಾನೆ, ತನ್ನ 42,000 ರೂಪಾಯಿಯ ಕಿವಿಯ ಮೆಷಿನ್ ಕಳುಹಿಸುವುದಿಲ್ಲ. ಆ ಪೆಟ್ಟಿಗೆಯೊಳಗೆ ಅಣ್ಣನ ಹೆಸರು, ಮೊಬೈಲ್ ಸಂಖ್ಯೆ ಇರುವ ರಿಪೇರಿಯ ಬಿಲ್ ಕೂಡ ಇತ್ತು. ತೆರೆದು ನೋಡಿದವರು ಒಂದು ಫೋನ್ ಮಾಡಿದ್ದರೆ ಇಷ್ಟೆಲ್ಲ ಬೇಕಾಗಿರಲಿಲ್ಲ. ಮರಳಿ ಬಂದ ಸರಕನ್ನು ರಾಶಿ ಲೆಕ್ಕದಲ್ಲಿ ವ್ಯಾಪಾರಿಗಳಿಗೆ ಮಾರುವ ರೂಢಿಯೂ ಈ ವ್ಯವಹಾರದಲ್ಲಿ ಇದೆ. ನನಗೆ ಇದ್ದ ಅವಸರ ಅದರದ್ದೇ. ಆ ರಾಶಿಗೆ ಒಮ್ಮೆ ಸೇರಿದರೆ ಮತ್ತೆ ಸಿಗುವ ಮಾತಿಲ್ಲ.

ಸಂದೇಶವನ್ನು ಇನ್ನೊಮ್ಮೆ ನಿಧಾನವಾಗಿ ಓದಿದಾಗ ನನಗೆ ಹೊಳೆದದ್ದು ಒಂದೇ. ಇದು ಬರೀ ನಿರಾಕರಣೆಯಲ್ಲ, ರಶೀದಿ. ನಾವು ಮಾರದ, ನಮ್ಮದಲ್ಲದ ವಸ್ತುವೊಂದು ನಮ್ಮ ಕೈಗೆ ಬಂದಿದೆ ಎಂದು ಕಂಪನಿಯೇ ದಿನಾಂಕ, ರಿಟರ್ನ್ ಸಂಖ್ಯೆ ಸಹಿತ ಬರೆದುಕೊಟ್ಟಿದೆ. ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕೇ? ಬ್ಯಾಂಕ್ ನೌಕರರು ಬರೆಯುವ ಸಿಎಐಐಬಿ ಪರೀಕ್ಷೆಗೆ ಓದಿದ್ದ ಭಾರತೀಯ ಕರಾರು ಕಾಯ್ದೆ ನೆನಪಾಯಿತು. 1872ರ ಕಾಯ್ದೆ. ಅದರ 72ನೇ ಕಲಂ ಹೇಳುವುದು, ತಪ್ಪಿನಿಂದ ಯಾರಿಗಾದರೂ ಹಣ ಸಂದಾಯವಾಗಿದ್ದರೆ ಅಥವಾ ವಸ್ತು ತಲುಪಿದ್ದರೆ ಅವರು ಅದನ್ನು ಹಿಂದಿರುಗಿಸಲೇಬೇಕು. ತಪ್ಪು ಯಾರ ಕಡೆಯದು ಎಂಬ ಜಗಳಕ್ಕೆ ಆ ಕಲಂ ಹೋಗುವುದೇ ಇಲ್ಲ. ಬ್ಯಾಂಕಿನ ಸಂಡ್ರಿ ಡೆಪಾಸಿಟ್ ಖಾತೆಯ ಹಿಂದೆ ಇರುವ ನ್ಯಾಯವೂ ಇದೇ. ಆನ್‌ಲೈನ್ ಅಂಗಡಿಗಳು ಹುಟ್ಟುವ ಮೊದಲೇ, ಅಂಗಡಿಗಳಿಗೆ ವಿದ್ಯುತ್ ದೀಪ ಬರುವ ಮೊದಲೇ ಬರೆದಿಟ್ಟ ಮಾತು ಇದು. ಕಂಪನಿಯ ಷರತ್ತಿನ ಹಾಳೆಯಲ್ಲಿ ಒಂದು ಸಾಲು ಸೇರಿಸಿದ ಮಾತ್ರಕ್ಕೆ ಇನ್ನೊಬ್ಬರ ವಸ್ತು ಅವರದಾಗುವುದಿಲ್ಲ.

ಅತ್ತಿಗೆಯ ಹೆಸರಿನಲ್ಲಿ ಪತ್ರ ಬರೆಯಲು ಕುಳಿತೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಇಂಥ ಪ್ರತಿ ಕಂಪನಿಯೂ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ, ಅವರ ಹೆಸರು, ಹುದ್ದೆ, ಸಂಪರ್ಕ ವಿವರಗಳನ್ನು ಜಾಲತಾಣದಲ್ಲಿ ಹಾಕಬೇಕು. ಆ ಅಧಿಕಾರಿ ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಫೋನಿನಲ್ಲಿ ಸಿಗುವ ಹುಡುಗ ಹುಡುಗಿಯರು ಯಾರೂ ಈ ಹೆಸರು ಹೇಳುವುದಿಲ್ಲ. ಪುಟದ ತೀರಾ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ, ಹುಡುಕಿ ತೆಗೆಯಬೇಕು. ಪತ್ರದಲ್ಲಿ ಕಥೆ ಹೇಳಲಿಲ್ಲ. ರಿಟರ್ನ್ ಸಂಖ್ಯೆ, ಒಯ್ದ ದಿನ ಮತ್ತು ಹೊತ್ತು, ಅವರದೇ ಸಂದೇಶದ ಪ್ರತಿ, ಕಿವಿಯ ಮೆಷಿನಿನ ಸೀರಿಯಲ್ ಸಂಖ್ಯೆ ಇರುವ ಗ್ಯಾರಂಟಿ ಕಾರ್ಡ್, ಕೊರಿಯರಿನ ಚೀಟಿ ಇವಿಷ್ಟನ್ನು ಕ್ರಮವಾಗಿ ಜೋಡಿಸಿದೆ. ಬೇಡಿಕೆ ಎರಡು: ಒಂದು, ನಮ್ಮ ವಸ್ತು ನಮಗೆ ಕೊಡಿ, ಅದು ನಮ್ಮ ಕೈ ಸೇರುವವರೆಗೆ ಮಾರಬೇಡಿ, ನಾಶ ಮಾಡಬೇಡಿ; ಎರಡು, ನಿಮ್ಮ ಬಿಪಿ ಮೆಷಿನ್ ನಮ್ಮಲ್ಲಿ ಭದ್ರವಾಗಿದೆ, ಒಯ್ಯಿರಿ, ಹಣ ಕೊಡಿ.

ಬರೆಯುವಾಗ ಅತ್ತಿಗೆ ನನ್ನ ಕೈ ಹಿಡಿದು ನಿಲ್ಲಿಸಿದರು. 'ಆ ಹುಡುಗನ ಕೆಲಸ ಹೋಗುವುದಿಲ್ಲವಾ? ಅವನ ಹೆಸರು ಬರೆಯಬೇಡ ಮಾರಾಯ್ತಿ' ಎಂದರು. ನನಗೂ ಅದು ಸರಿ ಕಂಡಿತು. ಮಳೆಯಲ್ಲಿ ನೆನೆದುಕೊಂಡು ಊರು ಸುತ್ತುವ ಹುಡುಗನ ತಲೆಗೆ ಇದನ್ನೆಲ್ಲ ಕಟ್ಟಿ ಕಂಪನಿ ಕೈ ತೊಳೆದುಕೊಳ್ಳುವುದು ಸುಲಭ. ಒಯ್ಯಲು ಬಂದವರ ಮೇಲೆ ನಮ್ಮ ದೂರಿಲ್ಲ, ಬಂದ ವಸ್ತುವನ್ನು ಹಿಂದಿರುಗಿಸಲು ದಾರಿಯನ್ನೇ ಇಡದ ಕಂಪನಿಯ ವ್ಯವಸ್ಥೆಯ ಮೇಲೆ ದೂರು ಎಂದು ಒಂದು ಸಾಲು ಸೇರಿಸಿದೆ.

ಸ್ವೀಕೃತಿ ಬಂತು, ಅದರಾಚೆ ಏನೂ ಬರಲಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆವು. ಕನ್ನಡದಲ್ಲಿಯೇ ಮಾತನಾಡಬಹುದು. ಅವರು ಆದೇಶ ಕೊಡುವ ಅಧಿಕಾರ ಇರುವವರಲ್ಲ, ದೂರನ್ನು ಕಂಪನಿಗೆ ದಾಟಿಸಿ ಉತ್ತರ ತರಿಸುತ್ತಾರೆ. ಅಷ್ಟಾದರೂ ಆಯಿತು. ಜೊತೆಗೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಕೊಡುವ ದೂರನ್ನೂ ಸಿದ್ಧ ಮಾಡಿ, ಅದರ ಪ್ರತಿಯನ್ನು ಕುಂದುಕೊರತೆ ಅಧಿಕಾರಿಗೆ ಕಳುಹಿಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಒಂದು ದೊಡ್ಡ ಉಪಕಾರವಾಗಿದೆ. ಕಂಪನಿಯ ಕಚೇರಿ ಎಲ್ಲೇ ಇರಲಿ, ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಹೂಡಬಹುದು. ಕೊಂಡ ವಸ್ತುವಿಗೋ ಸೇವೆಗೋ ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಇರಲೇಬೇಕೆಂದಿಲ್ಲ. ಎರಡು ವರ್ಷಗಳ ಅವಧಿ ಇದೆ. 2025ರ ಜನವರಿಯಿಂದ ಇ-ಜಾಗೃತಿ ಎಂಬ ಜಾಲತಾಣದಲ್ಲೂ ಸಲ್ಲಿಸಬಹುದು. ಅದೇ ಕಾಯ್ದೆಯಲ್ಲಿ ಸೇವಾ ನ್ಯೂನತೆ ಎಂದರೆ ಗ್ರಾಹಕರಿಗೆ ನಷ್ಟ ತಂದ ನಿರ್ಲಕ್ಷ್ಯವೂ ಸೇರುತ್ತದೆ. ಪೆಟ್ಟಿಗೆ ತೆರೆದು ನೋಡದೆ ಒಯ್ದದ್ದು ಆ ಲೆಕ್ಕಕ್ಕೆ ಬರುತ್ತದೆ ಎಂಬುದು ನನ್ನ ವಾದವಾಗಿತ್ತು.

ಉಡುಪಿಯವರಿಗೆ ಈ ದಾರಿ ಹೊಸದೂ ಅಲ್ಲ. 1980ರ ದಶಕದಲ್ಲಿ ಡಾ. ರವೀಂದ್ರನಾಥ ಶಾನುಭಾಗ್ ಮತ್ತು ಅವರ ಜೊತೆಗಿದ್ದ ಬಳಕೆದಾರರ ವೇದಿಕೆಯವರು ಇಲ್ಲಿಯ ಸಾಮಾನ್ಯ ಜನರ ಪರವಾಗಿ ದೊಡ್ಡ ದೊಡ್ಡ ಸಂಸ್ಥೆಗಳನ್ನು ಪ್ರಶ್ನಿಸಿದ್ದನ್ನು ನೋಡಿ ಬೆಳೆದ ಪೀಳಿಗೆ ನಮ್ಮದು. ದೂರು ಕೊಡುವುದು ಜಗಳಗಂಟತನ ಎಂಬ ಸಂಕೋಚ ನಮಗೆ ಆಗಲೇ ಬಿಟ್ಟುಹೋಗಿತ್ತು. ಈಗಿನ ಹುಡುಗರು ಮಾತ್ರ ಹೋಗಲಿ ಬಿಡಿ ಎಂದು ಇನ್ನೊಂದು ಆರ್ಡರ್ ಮಾಡಿಬಿಡುತ್ತಾರೆ, ಅದು ನನಗೆ ಬೇಸರ.

ದೂರಿನ ಪ್ರತಿ ತಲುಪಿದ ಮೇಲೆ ಕಂಪನಿಯ ದನಿ ಬದಲಾಯಿತು. ಈ ಬಾರಿ ಅವರೇ ಫೋನ್ ಮಾಡಿದರು. ಬಿಪಿ ಮೆಷಿನಿನ ಹಣ, ಜೊತೆಗೆ ಒಂದಿಷ್ಟು ಕೂಪನ್ ಕೊಡುತ್ತೇವೆ, ದೂರು ಸಂಪೂರ್ಣವಾಗಿ ಪರಿಹಾರವಾಗಿದೆ ಎಂದು ಒಪ್ಪಿಗೆ ಒತ್ತಿ ಎಂದರು. ಕಿವಿಯ ಮೆಷಿನಿನ ಮಾತೇ ಇಲ್ಲ. ಅತ್ತಿಗೆ ಒತ್ತಲಿಲ್ಲ. 'ನಮ್ಮ ಮನೆಯವರ ಕಿವಿಗೆ ಕೂಪನ್ ಸಿಕ್ಕಿಸುವುದಾ?' ಎಂದು ಕೇಳಿ ಫೋನ್ ಇಟ್ಟರು. ಇಂಥ ಹೊತ್ತಿನಲ್ಲಿ ಆ ಒಪ್ಪಿಗೆ ಒತ್ತಬಾರದು ಎಂದು ಓದುವವರಿಗೆಲ್ಲ ಕೈಮುಗಿದು ಹೇಳುತ್ತೇನೆ. ಅರ್ಧ ಕೊಟ್ಟು ಪೂರ್ತಿ ಬರೆಸಿಕೊಳ್ಳುವ ಉಪಾಯ ಅದು.

ಪೆಟ್ಟಿಗೆ ಬಂದದ್ದು ಚೌತಿ ಕಳೆದ ಮೇಲೆ. ಬೇರೊಬ್ಬ ಹುಡುಗ ತಂದ. ಓಟಿಪಿ ಹೇಳುವ ಮೊದಲು ಅವನ ಎದುರೇ ತೆರೆಯುತ್ತೇವೆ ಎಂದೆವು, ಅವನೂ ಒಪ್ಪಿ ಮೊಬೈಲಿನ ಟಾರ್ಚ್ ಹಿಡಿದ. ಹೊರಗಿನ ರಟ್ಟು ಬೇರೆ, ಒಳಗೆ ಅದೇ ನೀಲಿ ಡಬ್ಬಿ. ಮೇಲೆ ಗೋದಾಮಿನವರ ಬಾರ್‌ಕೋಡ್ ಚೀಟಿ ಅಂಟಿತ್ತು. ಒಣಗಿಸುವ ಪುಟ್ಟ ಡಬ್ಬಿ ಇರಲಿಲ್ಲ, ಕಿತ್ತಳೆ ಪಟ್ಟಿಯ 13ನೇ ನಂಬರಿನ ಬ್ಯಾಟರಿಗಳೂ ಇರಲಿಲ್ಲ. ಯಂತ್ರದ ಮೈಮೇಲಿನ ಸೀರಿಯಲ್ ಸಂಖ್ಯೆಯನ್ನು ನಾನು ಭೂತಗನ್ನಡಿಯಲ್ಲಿ ಓದಿ ಹೇಳಿದೆ, ಅತ್ತಿಗೆ ಗ್ಯಾರಂಟಿ ಕಾರ್ಡ್ ನೋಡಿ ಹೂಂ ಎಂದರು. ಅಚ್ಚು ಸೀಳಿರಲಿಲ್ಲ. ಅಣ್ಣ ಅದನ್ನು ಕಿವಿಗೆ ಸಿಕ್ಕಿಸಿ, ಹೊಸ ಬ್ಯಾಟರಿ ಹಾಕಿ, ಒಂದು ನಿಮಿಷ ಸುಮ್ಮನೆ ಕುಳಿತ. ಆಮೇಲೆ ಆ ಹುಡುಗನನ್ನು 'ನಿನ್ನ ಊರು ಯಾವುದು?' ಎಂದು ಕೇಳಿದ. ಹುಡುಗ ಹೆಬ್ರಿಯ ಹತ್ತಿರ ಎಂದ. ಅಣ್ಣನಿಗೆ ಮೊದಲ ಸಲಕ್ಕೇ ಕೇಳಿಸಿತು.

ಬಿಪಿ ಮೆಷಿನಿನ ಹಣವೂ ಅತ್ತಿಗೆಯ ಖಾತೆಗೆ ಜಮಾ ಆಗಿದೆ, ಕೂಪನ್ ಬೇಡವೆಂದು ಬರೆದಿದ್ದೇವೆ. ಮೆಷಿನನ್ನು ಮಾತ್ರ ಅವರು ಇನ್ನೂ ಒಯ್ದಿಲ್ಲ. ಹಣ ಕೊಟ್ಟಾಯಿತು, ನೀವೇ ಇಟ್ಟುಕೊಳ್ಳಿ ಎಂದು ಯಾರೂ ಹೇಳಿಯೂ ಇಲ್ಲ. ಅದು ಅವರ ವಸ್ತು. ಮಾಡೆಲ್ ಸಂಖ್ಯೆ ಕಾಣುವ ಹಾಗೆ ಫೋಟೋ ತೆಗೆದು, ಬಂದು ಒಯ್ಯಿರಿ ಎಂದು ಕುಂದುಕೊರತೆ ಅಧಿಕಾರಿಗೆ ಮತ್ತೆ ಬರೆದಿದ್ದೇನೆ. ಈ ಸಲ ಅವರ ಮನುಷ್ಯ ಬಂದಾಗ ಪೆಟ್ಟಿಗೆ ತೆರೆದು ತೋರಿಸಿಯೇ ಕೊಡುವುದು, ಪಡೆದುಕೊಂಡ ಬಗ್ಗೆ ರಶೀದಿ ಬರೆಸಿಕೊಳ್ಳುವುದು ಎಂದು ಅತ್ತಿಗೆಯೂ ನಾನೂ ಮಾತನಾಡಿಕೊಂಡಿದ್ದೇವೆ.