ದಾರಿ ಗೊತ್ತಿರಬೇಕಾದ್ದು ನಾಯಿಗಲ್ಲ

ಇಂಗ್ಲೆಂಡಿನಲ್ಲಿ ಗೈಡ್ ಡಾಗ್, ಅಂದರೆ ಕಣ್ಣು ಕಾಣದವರ ಜೊತೆ ನಡೆಯಲು ತಯಾರು ಮಾಡುವ ನಾಯಿಯ ಮರಿ ಸಾಕುವ ನಮ್ಮವರ ಮನೆಗೆ ಊರಿನಿಂದ ಫೋನ್ ಬಂದರೆ ಒಂದು ಪ್ರಶ್ನೆ ತಪ್ಪುವುದಿಲ್ಲ. "ದೊಡ್ಡಪ್ಪನಿಗೆ ಈಗ ಕಣ್ಣು ಪೂರ್ತಿ ಹೋಗಿದೆ ಮಾರಾಯ್ರೆ, ಅಲ್ಲಿಂದ ಒಂದು ನಾಯಿ ಕಳಿಸ್ಲಿಕ್ಕೆ ಆಗ್ತದಾ?" ಬೆಳಿಗ್ಗೆ ನಾಯಿಯ ಕಿವಿಯಲ್ಲಿ "ಸ್ಟೇಟ್ ಬ್ಯಾಂಕ್" ಎಂದರೆ ಸಾಕು, ಮಂಗಳೂರಿನ ಕಂಕನಾಡಿಯಿಂದ ಹೊರಟು ದೊಡ್ಡಪ್ಪನನ್ನು ಆ ಬಸ್ ಸ್ಟ್ಯಾಂಡಿಗೆ ಮುಟ್ಟಿಸುತ್ತದೆ ಎಂಬ ನಂಬಿಕೆ ಆ ಪ್ರಶ್ನೆಯ ಹಿಂದೆ ಇರುತ್ತದೆ. ಹಾಗಿಲ್ಲ. ದಾರಿ ಗೊತ್ತಿರಬೇಕಾದ್ದು ದೊಡ್ಡಪ್ಪನಿಗೆ. ಎಷ್ಟನೇ ತಿರುವು, ಎಲ್ಲಿ ರಸ್ತೆ ದಾಟಬೇಕು, ಯಾವ ಅಂಗಡಿಯ ವಾಸನೆ ಬಂದ ಮೇಲೆ ಎಡಕ್ಕೆ ಹೊರಳಬೇಕು, ಇದೆಲ್ಲ ಅವರ ತಲೆಯಲ್ಲಿರಬೇಕು. ನೇರ ಸಾಗುವುದು, ಅಡ್ಡ ಬಂದದ್ದನ್ನು ಬಳಸಿ ಹೋಗುವುದು, ನೆಲ ತಗ್ಗಿದಲ್ಲಿ ಏರಿದಲ್ಲಿ ನಿಲ್ಲುವುದು, ಹೇಳಿದ ಬಾಗಿಲನ್ನೋ ಕುರ್ಚಿಯನ್ನೋ ಹುಡುಕಿ ತೋರಿಸುವುದು, ಇಷ್ಟು ನಾಯಿಯ ಪಾಲು.

ಸಿಗ್ನಲ್ ದೀಪ ನೋಡಿ ನಾಯಿ ರಸ್ತೆ ದಾಟಿಸುತ್ತದೆ ಎಂಬುದೂ ತಪ್ಪು ಕಲ್ಪನೆ. ಕೆಂಪು, ಹಸಿರು ಬಣ್ಣಗಳ ವ್ಯತ್ಯಾಸ ನಾಯಿಯ ಕಣ್ಣಿಗೆ ಸರಿಯಾಗಿ ತಿಳಿಯುವುದಿಲ್ಲ. ವಾಹನಗಳ ಸದ್ದು ಕೇಳಿ "ಮುಂದೆ" ಎಂದು ಹೇಳುವವರು ನಾಯಿಯನ್ನು ಹಿಡಿದು ನಡೆಯುವವರೇ. ಆ ಹೊತ್ತಿಗೆ ಕಾರೊಂದು ನುಗ್ಗಿ ಬಂದರೆ ಮಾತು ಮೀರಿ ನಿಲ್ಲಲು ಮಾತ್ರ ನಾಯಿಗೆ ಕಲಿಸಿರುತ್ತಾರೆ. ಅದನ್ನು ಕಲಿಸುವುದು ಹೀಗೆ: ತರಬೇತುದಾರರೊಬ್ಬರು ಕಾರು ಓಡಿಸಿಕೊಂಡು ಬರುತ್ತಾರೆ, ಇನ್ನೊಬ್ಬರು ಬೇಕೆಂದೇ "ಮುಂದೆ" ಎನ್ನುತ್ತಾರೆ, ಕಾರು ಹತ್ತಿರವಾದ ಕೂಡಲೇ ನಾಯಿಯೊಂದಿಗೆ ಹಿಂದೆ ಸರಿಯುತ್ತಾರೆ. ಹಲವು ಸಲ ಆದ ಮೇಲೆ ನಾಯಿ ತಾನಾಗಿ ನಿಲ್ಲುತ್ತದೆ. ನಿಂತದ್ದಕ್ಕೆ ತಿನ್ನಲು ಸಿಗುತ್ತದೆ. ವಿಧೇಯತೆ ಕಲಿಸಿದ ಪ್ರಾಣಿಗೆ ಯಾವಾಗ ಮಾತು ಕೇಳಬಾರದು ಎಂದೂ ಕಲಿಸುವುದು ಇಡೀ ತರಬೇತಿಯಲ್ಲಿ ಅತಿ ನಾಜೂಕಿನ ಭಾಗ.

ಈ ವಿದ್ಯೆ ಯುದ್ಧದ ಗಾಯದಿಂದ ಹುಟ್ಟಿದ್ದು. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ 1916ರಲ್ಲಿ ಮೊದಲ ಶಾಲೆ ತೆರೆಯಿತು. ಅಮೆರಿಕದಲ್ಲಿ 'ದಿ ಸೀಯಿಂಗ್ ಐ' ಶುರುವಾದದ್ದು 1929ರಲ್ಲಿ. ಬ್ರಿಟನ್ನಿನ ಮೊದಲ ನಾಲ್ಕು ನಾಯಿಗಳು 1931ರಲ್ಲಿ ವಾಲಸಿ ಎಂಬ ಊರಿನಲ್ಲಿ ತಯಾರಾದವು. ಆಗೆಲ್ಲ ಜರ್ಮನ್ ಶೆಫರ್ಡ್ ನಾಯಿಗಳು. ಈಗ ಹೆಚ್ಚಿನವು ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಅಥವಾ ಇವೆರಡರ ಮಿಶ್ರ ತಳಿ.

ಮರಿ ಎಂಟು ವಾರಕ್ಕೆ ಸ್ವಯಂಸೇವಕರ ಮನೆಗೆ ಬರುತ್ತದೆ. ಆಹಾರದ ಖರ್ಚು, ವೈದ್ಯರ ಖರ್ಚು ನಾಯಿ ತಯಾರು ಮಾಡುವ ಸಂಸ್ಥೆಯದ್ದು. ಸಮಯ ಮತ್ತು ತಾಳ್ಮೆ ಮನೆಯವರದ್ದು. ಹುಟ್ಟಿದ ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದೊಳಗೆ ಮರಿ ಏನನ್ನು ಕಂಡು ಕೇಳಿ ಹೆದರದೆ ಇರುತ್ತದೋ ಅದಕ್ಕೆ ಮುಂದೆಯೂ ಹೆದರುವುದು ಕಡಿಮೆ. ಲಸಿಕೆ ಪೂರ್ತಿಯಾಗದೆ ಬೀದಿಯ ನೆಲಕ್ಕೆ ಬಿಡುವಂತಿಲ್ಲ, ಲಸಿಕೆ ಮುಗಿಯಲಿ ಎಂದು ಕಾದರೆ ಈ ವಯಸ್ಸು ದಾಟಿಹೋಗುತ್ತದೆ. ಹಾಗಾಗಿ ಮಗುವನ್ನು ಎತ್ತಿಕೊಂಡ ಹಾಗೆ ಎದೆಗಾನಿಸಿಕೊಂಡು ಬಸ್ ಸ್ಟ್ಯಾಂಡು, ಮಾರ್ಕೆಟ್ಟು, ರೈಲು ನಿಲ್ದಾಣ ಸುತ್ತಿಸುತ್ತಾರೆ. ಸದ್ದಿನ ಅಭ್ಯಾಸಕ್ಕೆ ಊಟದ ಹೊತ್ತು ಒಳ್ಳೆಯದು. ಪಟಾಕಿಯ ರೆಕಾರ್ಡಿಂಗನ್ನು ಕೇಳಿಯೂ ಕೇಳದಷ್ಟು ಸಣ್ಣಗೆ ಹಾಕಿ ಬಟ್ಟಲು ಇಡುವುದು, ಮರಿ ತಲೆ ಎತ್ತದೆ ತಿಂದರೆ ಮರುದಿನ ಒಂಚೂರು ಏರಿಸುವುದು. ತಿನ್ನುವುದು ನಿಲ್ಲಿಸಿತೆಂದರೆ ಅವಸರ ಮಾಡಿದ್ದೀರಿ ಎಂದೇ ಅರ್ಥ. ಎರಡು ಹೆಜ್ಜೆ ಹಿಂದೆ ಹೋಗಿ. ನಮ್ಮಲ್ಲಾದರೆ ಇದೇ ಕ್ರಮದಲ್ಲಿ ಹುಲಿವೇಷದ ತಾಸೆ, ಕಂಬಳದ ಮೈಕು, ರಥೋತ್ಸವದ ಕದೊನಿ ಸಿಡಿಮದ್ದಿನ ಸದ್ದು ಅಭ್ಯಾಸ ಮಾಡಿಸಬೇಕಾಗುತ್ತದೆ.

ಮೂತ್ರ, ಮಲ ವಿಸರ್ಜನೆಗೂ ಮಾತಿನ ಅಪ್ಪಣೆ ಉಂಟು. ಇದು ಸಣ್ಣ ವಿಷಯದಂತೆ ಕಂಡರೂ ಬಹಳ ದೊಡ್ಡದು. ನಿದ್ದೆಯಿಂದ ಎದ್ದ ಕೂಡಲೇ, ಊಟವಾದ ಕೂಡಲೇ, ಆಟ ಮುಗಿದ ಕೂಡಲೇ ಲೀಶ್ ಹಾಕಿ ಒಂದೇ ಜಾಗಕ್ಕೆ ಕರೆದೊಯ್ಯಬೇಕು. ಮರಿ ಕುಳಿತ ಕ್ಷಣಕ್ಕೆ ಗೊತ್ತು ಮಾಡಿದ ಒಂದು ಪದವನ್ನು ಮೆಲ್ಲಗೆ ಹೇಳಬೇಕು. ಕೆಲವು ವಾರಗಳಲ್ಲಿ ಪದ ಹೇಳಿದರೆ ಕೆಲಸವಾಗುತ್ತದೆ. ಕಣ್ಣು ಕಾಣದವರು ಇದನ್ನು ಎತ್ತುವುದು ಹೇಗೆ ಎಂದು ಹಲವರು ಕೇಳುತ್ತಾರೆ. ಲೀಶ್ ಹಿಡಿದ ಕೈಯನ್ನು ನಾಯಿಯ ಬೆನ್ನಿನ ಮೇಲೆ ಹಗುರಾಗಿ ಇಟ್ಟಿರುತ್ತಾರೆ. ಬೆನ್ನು ಬಿಲ್ಲಿನ ಹಾಗೆ ಬಾಗಿದರೆ ಮಲ ಎಂದು ತಿಳಿಯುತ್ತದೆ. ಆಗ ನಾಯಿಯ ಹಿಂಗಾಲಿನ ಹತ್ತಿರ ಕಾಲೂರಿ ಜಾಗ ಗುರುತು ಮಾಡಿಕೊಂಡು, ಕೈಗೆ ಪ್ಲಾಸ್ಟಿಕ್ ಚೀಲ ತೊಡಿಸಿ ಎತ್ತುತ್ತಾರೆ. ಇಷ್ಟು ಮುಗಿಸಿಯೇ ಹಾರ್ನೆಸ್, ಅಂದರೆ ಕೆಲಸದ ಮೈಪಟ್ಟಿ, ಹಾಕುವುದು.

ಮರಿ ಹನ್ನೆರಡರಿಂದ ಹದಿನಾರು ತಿಂಗಳಾದಾಗ ಶಾಲೆಗೆ ಹೋಗುತ್ತದೆ. ಹಾರ್ನೆಸ್ಸಿಗೆ ಗಟ್ಟಿ ಹಿಡಿ ಇರುತ್ತದೆ, ನಾಯಿ ಎಡಗಡೆ ನಡೆಯುತ್ತದೆ. ಹಿಡಿ ಬಗ್ಗದ ಕಾರಣ ನಾಯಿಯ ಭುಜದ ಪ್ರತಿ ಚಲನೆ ಅಂಗೈಗೆ ಬರುತ್ತದೆ. ನಿಧಾನವಾದದ್ದು, ಪಕ್ಕಕ್ಕೆ ಸರಿದದ್ದು, ಮೆಟ್ಟಿಲಿಗೆ ಮುಂಗಾಲು ಏರಿಸಿದ್ದು, ಎಲ್ಲವೂ. ಫುಟ್‌ಪಾತಿನ ಅಂಚಿಗೆ ನಿಲ್ಲಲು ಕಲಿಸುವಾಗ ತಿನ್ನಲು ಕೊಡುವ ಜಾಗವೇ ಪಾಠ. ಮುಂಗಾಲು ಅಂಚಿನಲ್ಲಿರುವಾಗ, ತರಬೇತುದಾರರ ಎಡಗಾಲಿನ ಪಕ್ಕದಲ್ಲೇ ಕೊಡಬೇಕು. ಒಂದು ಹೆಜ್ಜೆ ಮುಂದೆ ಕೊಟ್ಟರೆ ನಾಯಿ ರಸ್ತೆಗಿಳಿದು ನಿಲ್ಲುವುದನ್ನೇ ಕಲಿಯುತ್ತದೆ.

ಅತಿ ಕಷ್ಟದ್ದು ಅಗಲ ಮತ್ತು ಎತ್ತರದ ಅಂದಾಜು. ನಾಯಿ ತನ್ನ ಮೈ ತೂರುವಷ್ಟು ಜಾಗ ಸಾಕು ಎಂದುಕೊಳ್ಳುವುದು ಸಹಜ. ಬಲಗಡೆ ಇರುವ ಮನುಷ್ಯನ ಭುಜವೂ ತೂರಬೇಕೆಂದು ಅದಕ್ಕೆ ಹೇಗೆ ಗೊತ್ತಾಗಬೇಕು? ತರಬೇತುದಾರರ ಭುಜ ಕಂಬಕ್ಕೆ ತಾಗಿದ ಕೂಡಲೇ ನಿಲ್ಲುತ್ತಾರೆ, ಕಂಬವನ್ನು ತಟ್ಟಿ ತೋರಿಸುತ್ತಾರೆ, ನಾಲ್ಕೈದು ಹೆಜ್ಜೆ ಹಿಂದೆ ಬಂದು ಪುನಃ ನಡೆಯುತ್ತಾರೆ. ಅಗಲ ಬಿಟ್ಟು ಹೋದರೆ ಬಹುಮಾನ. ತಲೆಯೆತ್ತರದ ಕೊಂಬೆ, ಅಂಗಡಿಯ ಬೋರ್ಡು ಇನ್ನೂ ಕಷ್ಟ. ಅವು ನಾಯಿಯ ಲೋಕದಲ್ಲೇ ಇಲ್ಲ. ಅಡ್ಡ ಕೋಲು ಕಟ್ಟಿ, ಅದರ ಎತ್ತರ ಬದಲಿಸುತ್ತಾ ಇದನ್ನು ಕಲಿಸುತ್ತಾರೆ.

ಪದಗಳ ವಿಷಯ ನಮ್ಮ ಊರಿಗೆ ಬಂದರೆ ಬೇರೆಯೇ ತೊಡಕು. ನಾಯಿಗೆ ಯಾವ ಭಾಷೆಯಾದರೂ ಒಂದೇ, ಪದಗಳ ಸದ್ದು ಮಾತ್ರ ಒಂದನ್ನೊಂದು ಹೋಲಬಾರದು. ಕನ್ನಡದಲ್ಲಿ "ಬಾ" ಮತ್ತು "ಬಲ" ಅಕ್ಕಪಕ್ಕದ ಸದ್ದು. ಅದರ ಮೇಲೆ ತುಳುವಿನಲ್ಲಿ "ಬಲ" ಎಂದರೆ ಬಾ ಎಂದೇ ಅರ್ಥ. ಅಜ್ಜಿ ತುಳುವಿನಲ್ಲಿ ಕರೆದು, ದೊಡ್ಡಪ್ಪ ಕನ್ನಡದಲ್ಲಿ ಬಲಕ್ಕೆ ತಿರುಗಿಸಿದರೆ ನಾಯಿ ಏನು ಮಾಡಬೇಕು? ಮನೆಯವರೆಲ್ಲ ಒಂದೇ ಪಟ್ಟಿಯ ಪದ ಬಳಸಬೇಕು. ಇಂಗ್ಲಿಷ್ ಪದಗಳನ್ನೇ ಇಟ್ಟುಕೊಳ್ಳುವುದು ಇಂಥ ಮನೆಗೆ ಸುಲಭ.

ಪಾಸಾಗದ ನಾಯಿಗಳೂ ಉಂಟು. ಸದ್ದಿನ ಹೆದರಿಕೆ, ಬೇರೆ ನಾಯಿಗಳ ಮೇಲಿನ ಅತಿ ಆಸಕ್ತಿ, ಸೊಂಟದ ಕೀಲಿನ ತೊಂದರೆ, ಹಾರ್ನೆಸ್ ಮೈಗೆ ತಾಗುವುದೇ ಆಗದಿರುವುದು ಇದಕ್ಕೆ ಕಾರಣ. ನೆಲದಲ್ಲಿ ಬಿದ್ದದ್ದನ್ನು ತಿನ್ನುವ ಚಾಳಿಯೂ ದೊಡ್ಡ ಕಾರಣ. ಲ್ಯಾಬ್ರಡಾರಿನ ಹಸಿವಿಗೆ ಒಂದು ಜೀನ್ ಕಾರಣವೆಂದು ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದರು. ಸುಮಾರು ಕಾಲು ಭಾಗ ಲ್ಯಾಬ್ರಡಾರ್‌ಗಳಲ್ಲಿ ಆ ಜೀನಿನ ಬದಲಾವಣೆ ಕಂಡರೆ, ಪರೀಕ್ಷಿಸಿದ ಸಹಾಯಕ ನಾಯಿಗಳಲ್ಲಿ ನಾಲ್ಕರಲ್ಲಿ ಮೂರರಷ್ಟಕ್ಕೆ ಇತ್ತು. ತಿನ್ನುವ ಆಸೆ ಇದ್ದದ್ದಕ್ಕೇ ಬೇಗ ಕಲಿಯುತ್ತವೆ, ಅದೇ ಆಸೆಗೆ ದಾರಿ ತಪ್ಪುತ್ತವೆ. ಆದ್ದರಿಂದ ಊಟವನ್ನು ತಕ್ಕಡಿಯಲ್ಲಿ ತೂಗಿ ಕೊಡುತ್ತಾರೆ, ತರಬೇತಿಯಲ್ಲಿ ಕೊಟ್ಟದ್ದನ್ನು ಅದರಿಂದಲೇ ಕಳೆಯುತ್ತಾರೆ.

ಇನ್ನು ಇಂಗ್ಲೆಂಡಿನಲ್ಲಿ ತಯಾರಾದ ನಾಯಿಯನ್ನು ಮಂಗಳೂರಿನ ಹಂಪನಕಟ್ಟೆಗೆ ತಂದು ನಿಲ್ಲಿಸಿದರೆ? ಮೊದಲ ಹೆಜ್ಜೆಯಲ್ಲೇ ಅದರ ಪಾಠ ಕೈಕೊಡುತ್ತದೆ. ಫುಟ್‌ಪಾತಿನ ಮೇಲೆ ಸ್ಕೂಟರು ಸಾಲು, ಅದರಾಚೆ ಚಪ್ಪಡಿ ಹೋದ ಚರಂಡಿ. ಬಾಯಿ ತೆರೆದ ಗುಂಡಿಯನ್ನು ತಪ್ಪಿಸಲು ನಾಯಿಗೆ ಕಲಿಸಬಹುದು. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರ ಮೇಲೆ ಕೆಂಪು ನೀರು ನಿಂತಿರುತ್ತದಲ್ಲ, ನೀರಿನಡಿಯ ಗುಂಡಿ ಯಾವ ಕಣ್ಣಿಗೂ ಕಾಣದು. ಬಿಳಿ ಕೋಲಿನ ತುದಿಗೆ ಮಾತ್ರ ತಿಳಿಯುತ್ತದೆ. ಏಪ್ರಿಲ್, ಮೇಯಲ್ಲಿ ಟಾರು ರಸ್ತೆಗೆ ಅಂಗೈ ಒತ್ತಿ ಐದು ಸೆಕೆಂಡ್ ಇಡಲಾಗದಿದ್ದರೆ ನಾಯಿಯ ಪಾದವೂ ಸುಡುತ್ತದೆ. ಉಣುಗಿನಿಂದ ಬರುವ ಜ್ವರ ಬೇರೆ. ಎಲ್ಲಕ್ಕಿಂತ ಮುಖ್ಯವಾಗಿ ಪ್ರತಿ ಓಣಿಗೂ ಅದರದ್ದೇ ನಾಯಿಗಳ ಗುಂಪು ಇದೆ. ಇಂಥ ಬೀದಿ ನಾಯಿಗಳ ಗುಂಪಿಲ್ಲದ ಇಂಗ್ಲೆಂಡಿನಲ್ಲೂ ಸಾಕಿದ ನಾಯಿ ಒಮ್ಮೆ ಮೈಮೇಲೆ ಎರಗಿದ್ದಕ್ಕೆ ಗೈಡ್ ಡಾಗ್ ಕೆಲಸವನ್ನೇ ಬಿಡಬೇಕಾಗಿ ಬಂದದ್ದುಂಟು, ಗಾಯ ಮಾಗಿದರೂ ಹೆದರಿಕೆ ಮಾಗುವುದಿಲ್ಲ.

ಸಿಟಿ ಬಸ್ಸಿನ ಮೆಟ್ಟಿಲು ಎತ್ತರ, ಕಂಡಕ್ಟರ್ "ರೈಟ್ ಪೋಯಿ" (ಹೋಗೋಣ) ಎನ್ನುವ ಮೊದಲು ಸಿಗುವುದು ಕೆಲವೇ ಸೆಕೆಂಡು. ಇಪ್ಪತ್ತೈದು ಮೂವತ್ತು ಕಿಲೋ ನಾಯಿ ಸೀಟಿನಡಿ ಮಲಗಲು ಜಾಗ ಬೇಕು. ಬ್ರಿಟನ್ನಿನಲ್ಲಿ 2010ರ ಸಮಾನತಾ ಕಾಯ್ದೆಯ ಪ್ರಕಾರ ಟ್ಯಾಕ್ಸಿಯವರು ಗೈಡ್ ಡಾಗನ್ನು ಬೇಡವೆನ್ನುವಂತಿಲ್ಲ, ಹೆಚ್ಚು ಹಣ ಕೇಳುವಂತಿಲ್ಲ, ನಿರಾಕರಿಸಿದರೆ 1,000 ಪೌಂಡ್‌ವರೆಗೆ ದಂಡ. ಈ ಬೆಂಬಲವೂ ನಾಯಿಯ ತರಬೇತಿಯಷ್ಟೇ ಮುಖ್ಯ. ನಾಯಿ ಕೊಟ್ಟ ಮೇಲೂ ತರಬೇತುದಾರರು ವರ್ಷವರ್ಷ ಬಂದು ನೋಡುತ್ತಾರೆ, ಮನೆ ಬದಲಾದರೆ ಹೊಸ ದಾರಿ ಕಲಿಸುತ್ತಾರೆ. ಆ ಜನ ಹತ್ತಿರ ಇಲ್ಲದಿದ್ದರೆ ಕಲಿತದ್ದು ಸವೆದುಹೋಗುತ್ತದೆ.

ಹಾಗಾಗಿ ದೊಡ್ಡಪ್ಪನಿಗೆ ಮೊದಲು ಬೇಕಾದದ್ದು ಬಿಳಿ ಕೋಲು, ಮತ್ತು ಅದನ್ನು ಹಿಡಿದು ನಡೆಯಲು ಕಲಿಸುವ ಒಬ್ಬರು. ಇಂಗ್ಲೆಂಡಿನಲ್ಲಿಯೂ ನಾಯಿ ಕೇಳುವವರು ಮೊದಲು ಒಂಟಿಯಾಗಿ ದಾರಿ ಹಿಡಿಯಲು ಕಲಿತಿರಬೇಕು. ಕೋಲಿನ ಉದ್ದ ನಿಂತವರ ಎದೆಮೂಳೆಯ ಹತ್ತಿರ ಬರಬೇಕು. ಬಲಗಾಲು ಮುಂದಿಡುವಾಗ ಕೋಲಿನ ತುದಿ ಎಡಕ್ಕೆ, ಎಡಗಾಲಿಗೆ ಬಲಕ್ಕೆ. ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಅದು ಮೊದಲೇ ಮುಟ್ಟಿರುತ್ತದೆ. ನಾಯಿ ಕಂಬವನ್ನು ತಪ್ಪಿಸಿ ಹೋಗುತ್ತದೆ, ಕೋಲು ಅದೇ ಕಂಬವನ್ನು ಮುಟ್ಟಿ "ಇಲ್ಲಿಂದ ಎಡಕ್ಕೆ" ಎಂಬ ಗುರುತು ಮಾಡಿಕೊಡುತ್ತದೆ. ದಾರಿ ತಲೆಯಲ್ಲಿ ಮೂಡುವುದು ಹೀಗೆ.

ಮಕ್ಕಳನ್ನು ನೋಡಲು ಇಂಗ್ಲೆಂಡಿಗೆ ಬರುವ ಹಿರಿಯರಿಗೆ ಒಂದು ಮಾತು. ಹಾರ್ನೆಸ್ ಹಾಕಿದ ನಾಯಿಯನ್ನು ಮುಟ್ಟಬೇಡಿ, ಬಾಯಲ್ಲಿ ಚ್ಚು ಚ್ಚು ಎಂದು ಕರೆಯಬೇಡಿ, ಪ್ರೀತಿಯಿಂದಲೂ ಬಿಸ್ಕತ್ತು ಕೊಡಬೇಡಿ. ಮಾತಾಡುವುದಿದ್ದರೆ ಮನುಷ್ಯರ ಹತ್ತಿರ ಮಾತಾಡಿ. ಊರಿಗೆ ಹಿಂದಿರುಗಿ, ಮಂಗಳೂರಿನ ಜ್ಯೋತಿಯಲ್ಲೋ ಉಡುಪಿಯ ಕಲ್ಸಂಕದಲ್ಲೋ ಬಿಳಿ ಕೋಲು ಹಿಡಿದವರು ರಸ್ತೆ ಬದಿ ನಿಂತದ್ದು ಕಂಡರೆ, ಕೋಲನ್ನಾಗಲಿ ತೋಳನ್ನಾಗಲಿ ಹಿಡಿದೆಳೆಯಬೇಡಿ. "ದಾಟ್ಲಿಕ್ಕೆ ಉಂಟಾ?" ಎಂದು ಮೊದಲು ಕೇಳಿ. ಹೌದೆಂದರೆ ನಿಮ್ಮ ಮೊಣಕೈಯನ್ನು ಅವರ ಕೈಗೆ ತಾಗಿಸಿ, ಅವರೇ ಹಿಡಿಯಲಿ. ಅರ್ಧ ಹೆಜ್ಜೆ ಮುಂದೆ ನಡೆಯಿರಿ. ಅಂಚು ಬಂದಾಗ "ಇಳಿಯುವುದು" ಅಥವಾ "ಹತ್ತುವುದು" ಎಂದು ಹೇಳಿ. ಆಚೆ ಮುಟ್ಟಿದ ಮೇಲೆ ಅವರು ಈಗ ಯಾವ ಅಂಗಡಿಯ ಎದುರು, ಯಾವ ಕಡೆ ಮುಖ ಮಾಡಿ ನಿಂತಿದ್ದಾರೆ ಎಂದು ತಿಳಿಸಿಯೇ ಕೈ ಬಿಡಿ.